ಯಾರ ಮೊಳ? ಯಾರ ಮಾರು?

ಅಡಿಕೆ ಗುಂಡಿಯಿಂದ ಗುಂಡಿಗೆ ಆರು ಮೊಳ. ಹಿರಿಯರು ಹೇಳುವ ಲೆಕ್ಕ ಇದು, ತಪ್ಪೇನಲ್ಲ. ಆದರೆ ಯಾರ ಕೈಯ ಮೊಳ? ಪ್ರಶ್ನೆ ತಮಾಷೆಯದೆನಿಸಬಹುದು. ಗಿಡ ನೆಟ್ಟ ಮೇಲೆ ಅದು ತಮಾಷೆಯಾಗಿ ಉಳಿಯುವುದಿಲ್ಲ.

ಬೆರಳಗಲಿಸಿದಾಗ ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು. ಎರಡು ಗೇಣು ಒಂದು ಮೊಳ, ಮೊಳಕೈಯಿಂದ ನಡುಬೆರಳಿನ ತುದಿವರೆಗೆ. ನಾಲ್ಕು ಮೊಳ ಒಂದು ಮಾರು, ಎರಡೂ ಕೈ ಚಾಚಿದಷ್ಟು. ರೂಢಿಯ ಲೆಕ್ಕದಲ್ಲಿ ಇವು 9 ಇಂಚು, 18 ಇಂಚು, 6 ಅಡಿ.

ಮಾತಿನಲ್ಲೂ ಮೈಯ ಅಳತೆ

'ಮೊಳಕೈ' ಎನ್ನುವಾಗಲೇ ಮೊಳ ಬಂತು ನೋಡಿ. ತಮಿಳು, ಮಲಯಾಳಂನವರಿಗೆ ಇದು ಮುಳಂ, ತೆಲುಗರಿಗೆ ಮೂರ. ಅಂಗುಲ ಸಂಸ್ಕೃತದ್ದು, ಬೆರಳಿನಿಂದ ಬಂದದ್ದು. ಇಂಗ್ಲಿಷರ 'ಫುಟ್' ಎಂದರೂ ಪಾದವೇ. ಹಡಗಿನವರು ಸಮುದ್ರದ ಆಳ ಹೇಳುವ 'ಫ್ಯಾದಮ್' ಕೂಡ ಚಾಚಿದ ಕೈಗಳ ಅಳತೆ. ಅದೂ 6 ಅಡಿ, ನಮ್ಮ ಮಾರಿನಷ್ಟೇ!

ಕೊನೇ ಗಳಿಗೆಯ ಕೆಲಸಕ್ಕೆ 'ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ' ಅಂತೇವೆ. ಹೂವನ್ನು ಇವತ್ತಿಗೂ ಮೊಳದಲ್ಲೇ ಕೊಳ್ಳುತ್ತೇವೆ. ಮಾರುವವರ ಕೈ ಗಿಡ್ಡವಾದರೆ ಮಾಲೆಯೂ ಗಿಡ್ಡ.

ಈ ತೊಡಕು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 24 ಅಂಗುಲಕ್ಕೆ ಒಂದು ಮೊಳ. ಅಂಗುಲವೆಂದರೆ ಯಾರದೋ ಬೆರಳಲ್ಲ, ಮಧ್ಯಮ ಗಾತ್ರದ ಆಳಿನ ನಡುಬೆರಳಿನ ಮಧ್ಯದ ಅಗಲ ಎಂದು ಅಲ್ಲಿ ಬಿಗಿ ಮಾಡಿದ್ದಾರೆ.

ವಯಸ್ಸಾದರೆ ಮಾರು ಕುಗ್ಗುತ್ತದೆಯೇ?

ಹೆಚ್ಚಿನವರಲ್ಲಿ ಚಾಚಿದ ಕೈಗಳ ಉದ್ದ ಮತ್ತು ಎತ್ತರ ಹೆಚ್ಚುಕಮ್ಮಿ ಒಂದೇ. ಗೋಡೆಗೆ ಒರಗಿ ನಿಂತು ಅಳೆದು ನೋಡಿ. ಅಂದರೆ ಐದೂವರೆ ಅಡಿಯ ಆಳಿನ ಮಾರು ಐದೂವರೆ ಅಡಿಯೇ, ಆರಲ್ಲ. ಪ್ರಾಯ ಸಂದಂತೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ತೆಳುವಾಗಿ ಎತ್ತರ ಇಳಿಯುತ್ತದೆ. ಕೈಯ ಎಲುಬು ಹಾಗೆ ಕುಗ್ಗುವುದಿಲ್ಲ. ಬೆನ್ನು ಬಾಗಿದವರ ಮೊದಲಿನ ಎತ್ತರವನ್ನು ವೈದ್ಯರು ಕೈಚಾಚಿನಿಂದ ಅಂದಾಜು ಮಾಡುವುದು ಇದೇ ಕಾರಣಕ್ಕೆ. ಅಜ್ಜನ ಎತ್ತರ ಇಳಿದರೂ ಅಜ್ಜನ ಮೊಳ ಹಾಗೇ ಇರುತ್ತದೆ!

ಒಂದು ಇಂಚಿಗೆ 65 ಗಿಡ

ಈಗ ತೋಟಕ್ಕೆ ಬನ್ನಿ. ಅಡಿಕೆಗೆ ಶಿಫಾರಸಿನ ಅಂತರ 2.7 ಮೀಟರ್, ಸುಮಾರು 9 ಅಡಿ. 18 ಇಂಚಿನ ಮೊಳವಾದರೆ ಆರು ಮೊಳ ಸರಿಯಾಗಿ 9 ಅಡಿ. ದಾರಿ, ಕಾಲುವೆ ಬಿಡದೆ ಚೌಕಾಕಾರದಲ್ಲಿ ನೆಟ್ಟರೆ ಎಕರೆಗೆ 538 ಗಿಡ. ಅಳೆಯುವವನ ಮೊಳ 17 ಇಂಚು ಎಂದುಕೊಳ್ಳಿ. ಅಂತರ ಎಂಟೂವರೆ ಅಡಿಗೆ ಇಳಿಯಿತು, ಗಿಡ 603ಕ್ಕೆ ಏರಿತು. ಒಂದೇ ಇಂಚಿಗೆ 65 ಗಿಡ ಹೆಚ್ಚು! ಗಿಡ ಜಾಸ್ತಿಯಾಯ್ತಲ್ಲ ಎಂದು ಹಿಗ್ಗಬೇಡಿ. ಮರ ಬೆಳೆದಾಗ ಬಿಸಿಲಿಗೂ ಬೇರಿಗೂ ಜಾಗ ಸಾಲದು. ಆಗ ಸರಿಸಿ ನೆಡಲು ಆಗುತ್ತದೆಯೇ?

ಗುತ್ತಿಗೆ ಕೆಲಸದಲ್ಲೂ ಇದೇ ಕತೆ. ಬಸಿಗಾಲುವೆ ತೋಡಲು ಮಾರಿಗಿಷ್ಟು ಎಂದು ಮಾತಾಗಿದೆ ಎನ್ನಿ. ಆರಡಿಯ ಮಾರಿನಲ್ಲಿ 30 ಮಾರು ಎಂದರೆ 180 ಅಡಿ, ಐದೂವರೆ ಅಡಿಯದರಲ್ಲಿ 165. ಉದ್ದ ಕೈಯವ ಅಳೆದರೆ ತೋಡಿದವನಿಗೆ ನಷ್ಟ, ಗಿಡ್ಡ ಕೈಯವ ಅಳೆದರೆ ತೋಡಿಸಿದವನಿಗೆ. ಯಾರೂ ಮೋಸ ಮಾಡಿಲ್ಲ, ಆದರೂ ಮನಸ್ತಾಪ.

ಹೀಗೆ ಮಾಡಿ

ನಿಮ್ಮ ಗೇಣು, ಮೊಳ, ಮಾರುಗಳನ್ನು ಒಮ್ಮೆ ಟೇಪಿನಲ್ಲಿ ಅಳೆದು ನೆನಪಿಡಿ. ಟೇಪು ಕೈಯಲ್ಲಿಲ್ಲದಾಗ ಅಂದಾಜಿಗೆ ಅದು ಸಾಕು. ನೆಡುವ ದಿನ ಮಾತ್ರ 9 ಅಡಿಯ ನೆಟ್ಟಗಿನ ಬಿದಿರಿನ ಕೋಲು ಕಡಿದಿಟ್ಟುಕೊಳ್ಳಿ. ಎಲ್ಲರೂ ಅದರಲ್ಲೇ ಅಳೆಯಲಿ. ಗುತ್ತಿಗೆಯಾದರೆ ಮಾರು ಎಷ್ಟು ಅಡಿ ಎಂದು ಕೆಲಸಕ್ಕೆ ಮುಂಚೆಯೇ ಇಬ್ಬರೂ ಒಪ್ಪಿ, ಹಗ್ಗಕ್ಕೆ ಗಂಟು ಹಾಕಿಡಿ.