ಕಡತ ಇದೆ, ಕನ್ನಡ ಇಲ್ಲ

ಇಪ್ಪತ್ತು ವರ್ಷದ ಹಿಂದೆ ಡಿ.ಟಿ.ಪಿ. ಮಾಡಿಸಿದ ಪುಸ್ತಕದ ಕಡತವನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದವರಿಗೆ ಇದು ಗೊತ್ತಿರುತ್ತದೆ. ಸಿ.ಡಿ. ಕೆಟ್ಟಿಲ್ಲ, ಕಡತ ಸಲೀಸಾಗಿ ತೆರೆದುಕೊಳ್ಳುತ್ತದೆ, ಪ್ಯಾರಾಗಳೂ ಇದ್ದಲ್ಲೇ ಇವೆ. ಆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆಗಳು, ತಲೆಯ ಮೇಲೆ ಗೀಟು ಹೊತ್ತ ಯುರೋಪಿನ ‘ಎ’ಗಳು. ಹುಡುಕಿದರೂ ಒಂದು ಕನ್ನಡ ಅಕ್ಷರ ಸಿಗುವುದಿಲ್ಲ. ವೈರಸ್ ಹೊಕ್ಕಿದೆ ಎಂದುಕೊಂಡು ಅನೇಕರು ಅದನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ. ಆ ಕಡತಕ್ಕೆ ಏನೂ ಆಗಿಲ್ಲ. ಅದರಲ್ಲಿ ಮೊದಲ ದಿನದಿಂದಲೂ ಕನ್ನಡ ಇರಲೇ ಇಲ್ಲ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಆಸ್ಕಿ ಎಂಬ ಪಟ್ಟಿಯಲ್ಲಿ 128 ಸ್ಥಾನಗಳಿದ್ದವು. ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆ ಅಷ್ಟು ಸಾಕಾಗಿತ್ತು. ಆಮೇಲೆ ಅದು 256ಕ್ಕೆ ಹಿಗ್ಗಿದಾಗ ಹೆಚ್ಚುವರಿ ಜಾಗವನ್ನು ಪಶ್ಚಿಮ ಯುರೋಪಿನ ಭಾಷೆಗಳು ತುಂಬಿಕೊಂಡವು. ತೊಂಬತ್ತರ ದಶಕದಲ್ಲಿ ನಮ್ಮ ಮುದ್ರಣಾಲಯಗಳಿಗೆ ಕಂಪ್ಯೂಟರ್ ಬಂದಾಗ ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಇರಲಿಲ್ಲ.

ಆಗ ನಮ್ಮವರು ಕಂಡುಕೊಂಡ ಉಪಾಯ ನಿಜಕ್ಕೂ ಜಾಣತನದ್ದು. ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನು ಹಾಗೇ ಇಟ್ಟುಕೊಂಡು, ಫಾಂಟಿನೊಳಗೆ ಅದರ ಚಿತ್ರವನ್ನು ಮಾತ್ರ ಬದಲಿಸುವುದು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಸಾವಿರಾರು ರೂಪಗಳಾಗುತ್ತವೆ; 256 ಸ್ಥಾನದಲ್ಲಿ ಅವು ಹಿಡಿಸುವುದಿಲ್ಲ. ಹಾಗಾಗಿ ಅಕ್ಷರವನ್ನೇ ಒಡೆದರು. ‘ಕ’ದ ಮೈ ಒಂದು ತುಂಡು, ತಲೆಕಟ್ಟು ಇನ್ನೊಂದು, ಒತ್ತು ಮತ್ತೊಂದು. ಅಚ್ಚುಮೊಳೆ ಜೋಡಿಸುವವರು ಚೌಕದ ಮನೆಗಳಿಂದ ಮೊಳೆ ಹೆಕ್ಕಿ ಪದ ಕಟ್ಟುತ್ತಿದ್ದ ಹಾಗೆ, ತುಂಡುಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಮಾಡಿದರು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ, ಇವೆಲ್ಲ ಇಲ್ಲದೆ ಹೋಗಿದ್ದರೆ ಕನ್ನಡ ಪುಸ್ತಕೋದ್ಯಮ ಆ ಹತ್ತು ಹದಿನೈದು ವರ್ಷ ಏನು ಮಾಡುತ್ತಿತ್ತೋ ಊಹಿಸುವುದು ಕಷ್ಟ. ಆ ಕೆಲಸ ಮಾಡಿದವರ ಬಗ್ಗೆ ನನಗಿರುವುದು ಗೌರವವೇ.

ಆದರೆ ಆ ಉಪಾಯದ ಒಳಗೆ ಏನಿತ್ತು ನೋಡಿ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ಕೂರುವ ಸಂಖ್ಯೆಗಳು 80, 192, 163, 192, 223, 113, 192. ಇಂಗ್ಲಿಷ್ ಪಟ್ಟಿಯಲ್ಲಿ 80 ಎಂದರೆ ದೊಡ್ಡ ‘ಪಿ’. ಫಾಂಟ್ ಅದರ ಮೇಲೆ ‘ಕ’ದ ಮೈ ಬರೆದಿದೆ. 163 ಪೌಂಡ್ ಚಿಹ್ನೆ; ಅಲ್ಲಿ ‘ನ’ ಕೂತಿದೆ. 223 ಜರ್ಮನ್ನರ ಒಂದು ವಿಶಿಷ್ಟ ‘ಎಸ್’. ಅದು ನಮ್ಮ ನಕಾರದ ಒತ್ತು. 113 ಸಣ್ಣ ‘ಕ್ಯೂ’, ಇಲ್ಲಿ ‘ಡ’. ಮೂರು ಸಲ ಬಂದ 192 ಗೀಟು ಹೊತ್ತ ‘ಎ’, ಅಂದರೆ ತಲೆಕಟ್ಟು. ಫಾಂಟ್ ಇರುವ ತನಕ ಕಣ್ಣಿಗೆ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ಪಿ, ಪೌಂಡ್, ಕ್ಯೂ.

ಕಣ್ಣಿಗೆ ಕಂಡರೆ ಸಾಲದೇ ಎಂದು ಕೇಳಬಹುದು. ಸಾಲದು. ಆ ಕಡತದಲ್ಲಿ ಪದ ಹುಡುಕುವುದು ಕಷ್ಟ, ಅಕಾರಾದಿಯಾಗಿ ಜೋಡಿಸಲು ಆಗುವುದಿಲ್ಲ, ಅಂತರ್ಜಾಲದ ಶೋಧಕ್ಕೆ ಅದು ಸಿಕ್ಕುವುದಿಲ್ಲ, ಯಂತ್ರಾನುವಾದಕ್ಕೆ ಅದು ಯಾವ ಭಾಷೆಯೂ ಅಲ್ಲ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಕಣ್ಣು ಕಾಣದ ಓದುಗರ ಮಾತು. ತೆರೆಯ ಮೇಲಿನ ಪಠ್ಯವನ್ನು ದನಿಯಾಗಿ ಓದುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದು ಕನ್ನಡವನ್ನೂ ಓದುತ್ತದೆ. ಆದರೆ ಅದು ನೋಡುವುದು ಚಿತ್ರವನ್ನಲ್ಲ, ಸಂಖ್ಯೆಯನ್ನು. ಹಳೆಯ ಫಾಂಟಿನ ಕಾದಂಬರಿಯೊಂದನ್ನು ಅದರ ಮುಂದಿಟ್ಟರೆ ಅಂಧ ವಿದ್ಯಾರ್ಥಿಗೆ ಕೇಳುವುದು ಪಿ, ಪೌಂಡ್, ಕ್ಯೂ. ನಾವು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಅವರನ್ನು ಪುಸ್ತಕದಿಂದ ಹೊರಗೆ ನಿಲ್ಲಿಸಿದೆ.

ಇದಕ್ಕೆ ಪರಿಹಾರ ಬಂದು ಬಹಳ ಕಾಲವಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಹೊರಬಂದದ್ದು 1991ರಲ್ಲಿ, ಅದರಲ್ಲೇ ಕನ್ನಡವೂ ಇತ್ತು. 3200ರಿಂದ 3327ರವರೆಗಿನ ಸ್ಥಾನಗಳು ನಮ್ಮವು. ‘ಕ’ 3221, ‘ನ’ 3240, ‘ಡ’ 3233. ಈ ಸಂಖ್ಯೆಗಳು ಇನ್ನಾವ ಲಿಪಿಗೂ ಹೋಗುವುದಿಲ್ಲ, ಮುಂದೆಂದೂ ಬದಲಾಗುವುದಿಲ್ಲ. ಬದಲಾಗದಿರುವ ನಿಯಮ ಎಷ್ಟು ಕಟ್ಟುನಿಟ್ಟು ಎಂದರೆ, ಹಳಗನ್ನಡದ ‘ೞ’ಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬರ್ಥದ ಹೆಸರು ಬಿದ್ದುಹೋಗಿದೆ. ತಪ್ಪೆಂದು ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದಾರೆಯೇ ಹೊರತು ಹೆಸರನ್ನು ಇವತ್ತಿಗೂ ತಿದ್ದಿಲ್ಲ.

ಯೂನಿಕೋಡ್‌ನ ಮುಖ್ಯ ಗುಣ ಅದು ಆಕಾರವನ್ನು ಬಿಟ್ಟು ಉಚ್ಚಾರದ ಕ್ರಮವನ್ನು ಹಿಡಿದದ್ದು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಅದಕ್ಕೆ ಆರು ಸಂಖ್ಯೆ: ಸ, ವಿರಾಮ (ವ್ಯಂಜನದೊಳಗಿನ ಅಕಾರವನ್ನು ತೆಗೆಯುವ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ. ಈ ಆರನ್ನು ನೋಡಿ ಯಾವುದನ್ನು ಮೇಲೆ, ಯಾವುದನ್ನು ಕೆಳಗೆ, ಯಾವುದನ್ನು ಬಲಕ್ಕೆ ಇಡಬೇಕೆಂದು ನಿರ್ಧರಿಸುವುದು ಫಾಂಟಿನ ಒಳಗಿನ ನಿಯಮಗಳು ಮತ್ತು ಅವುಗಳನ್ನು ನಡೆಸುವ ಒಂದು ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸ್‌ನಲ್ಲೂ ಈ ಕೆಲಸ ಮಾಡುವುದು ಹಾರ್ಫ್‌ಬಜ್. ನಾವು ಬೆರಳಾಡಿಸಿದ ಪ್ರತಿ ಸಲವೂ ಅದು ಕಾಗುಣಿತದ ಪಾಠವನ್ನು ಮೊದಲಿನಿಂದ ಮಾಡುತ್ತದೆ.

ಅರ್ಕಾವತ್ತಿನಲ್ಲಿ ಇದರ ಸೂಕ್ಷ್ಮ ಕಾಣುತ್ತದೆ. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸಿ, ಬರೆಯುವಾಗ ಯಕಾರದ ಆಚೆ ಇಡುತ್ತೇವೆ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲೇ ಯ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡ್‌ನಲ್ಲಿ ನಾಲಿಗೆಯ ಕ್ರಮ. ತೆರೆಗೆ ಬರುವಾಗ ಮಾತ್ರ ಅದು ಜಾಗ ಬದಲಿಸುತ್ತದೆ. ಈ ನಿಯಮವೇ ಬೇರೊಂದು ಕಡೆ ತೊಡಕಾಗುತ್ತದೆ. ಫಲಿತಾಂಶದ ದಿನ ‘ರ್ಯಾಂಕ್’ ಎಂದು ಅರ್ಕಾವತ್ತಿನೊಂದಿಗೆ ಅಚ್ಚಾಗುವುದನ್ನು ನೋಡಿರುತ್ತೀರಿ. ರಕಾರವನ್ನು ಪೂರ್ತಿ ಉಳಿಸಿ ಯಒತ್ತು ಕೊಡಬೇಕಾದರೆ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಸಂಖ್ಯೆ, 8205, ಹಾಕಬೇಕು. ಆಗ ‘ರ‍್ಯಾಂಕ್’ ಸರಿಯಾಗಿ ಮೂಡುತ್ತದೆ. ಕೀಲಿಮಣೆ ಮಾಡುವವರು ಇದಕ್ಕೊಂದು ಸುಲಭದ ದಾರಿ ಕೊಡಲೇಬೇಕು. ಸಾಮಾನ್ಯ ಬರಹಗಾರರು 8205ನ್ನು ನೆನಪಿಟ್ಟುಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಇಂಥ ಕಾಣದ ಸಂಖ್ಯೆಗಳು ಎಷ್ಟು ದೊಡ್ಡ ಯಂತ್ರವನ್ನೂ ಎಡವಿಸಬಲ್ಲವು. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ನಡುವೆ ಅಂಥದೊಂದು ಚಿಹ್ನೆ ಸೇರಿದ ಸಂದೇಶ ಬಂದರೆ ಐಫೋನಿನ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದವು. ಅಕ್ಷರ ಜೋಡಿಸುವ ತಂತ್ರಾಂಶಕ್ಕೆ ಆ ಸರಣಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಆಪಲ್ ತುರ್ತಾಗಿ 11.2.6 ಆವೃತ್ತಿ ಕಳಿಸಬೇಕಾಯಿತು. ಆಗ ಸುದ್ದಿಗಳಲ್ಲಿ ತೆಲುಗು ಅಕ್ಷರವೇ ಅಪಾಯಕಾರಿ ಎಂಬ ಧಾಟಿ ಇತ್ತು. ನನಗದು ಬೇಸರ ತಂದಿತ್ತು. ಕೋಟ್ಯಂತರ ಜನ ಬರೆಯುವ ಲಿಪಿಯನ್ನು ಸರಿಯಾಗಿ ಪರೀಕ್ಷಿಸದೆ ಬಿಟ್ಟ ತಪ್ಪು ತಂತ್ರಾಂಶದ್ದು.

ಪರೀಕ್ಷಿಸದೆ ಬಿಡುವ ಈ ರೂಢಿ ದಿನನಿತ್ಯವೂ ನಮ್ಮನ್ನು ತಾಗುತ್ತದೆ. ಅಂತರ್ಜಾಲದಲ್ಲಿ ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ‘ವಿಶ್ವೇಶ್ವರಯ್ಯ’ ನಮಗೆ ಐದೇ ಅಕ್ಷರ; ಕಂಪ್ಯೂಟರಿಗೆ 13 ಸಂಕೇತ, 39 ಬೈಟು. ಹೆಸರಿಗೆ 20 ಬೈಟ್ ಸಾಕೆಂದು ಇಂಗ್ಲಿಷ್ ಲೆಕ್ಕದಲ್ಲಿ ಅರ್ಜಿ ನಮೂನೆ ಮಾಡಿದ್ದರೆ ‘ವಿಶ್ವೇ’ ಉಳಿದು, ಮುಂದಿನ ಅಕ್ಷರ ಮೂರರಲ್ಲಿ ಎರಡು ಬೈಟಿಗೆ ತುಂಡಾಗಿ, ಪ್ರಶ್ನಾರ್ಥಕವಿರುವ ಕಪ್ಪು ವಜ್ರಾಕೃತಿ ಮೂಡುತ್ತದೆ. ಎಸ್ಸೆಮ್ಮೆಸ್ಸಿನ ಕಥೆಯೂ ಹೀಗೇ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಸೇರಿದ ಕೂಡಲೇ 70 ಸಂಕೇತ. ಬ್ಯಾಂಕುಗಳು ಕನ್ನಡದಲ್ಲಿ ಸಂದೇಶ ಕಳಿಸಲಿ ಎಂದು ಒತ್ತಾಯಿಸುವವರು ಈ ಲೆಕ್ಕವನ್ನೂ ತಿಳಿದಿದ್ದರೆ ಒಳ್ಳೆಯದು. ಖರ್ಚು ಹೆಚ್ಚು ಎಂಬುದು ನಿಜ; ಅದು ಕನ್ನಡ ಬಿಡುವುದಕ್ಕೆ ಕಾರಣವಾಗಬಾರದು.

ಇನ್ನು ನಾವೇ ಮಾಡುವ ಒಂದು ತಪ್ಪು. ‘ಮಂಡ್ಯ’ ಮತ್ತು ‘ಮ೦ಡ್ಯ’ ಎಂಬ ಈ ಎರಡು ಪದಗಳನ್ನು ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಸಂಖ್ಯೆ 3202. ಎರಡನೆಯದರಲ್ಲಿ ಕನ್ನಡ ಅಂಕಿಯ ಸೊನ್ನೆ, 3302. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಪೂರ್ತಿ ಬೇರೆ. ಸೊನ್ನೆ ಹಾಕಿ ತುಂಬಿಸಿದ ದಾಖಲೆಯನ್ನು ಅನುಸ್ವಾರ ಹಾಕಿ ಹುಡುಕಿದರೆ ಸಿಗದೆ ಹೋಗಬಹುದು. ವಿಸರ್ಗದ ಜಾಗದಲ್ಲಿ ಇಂಗ್ಲಿಷಿನ ಎರಡು ಚುಕ್ಕಿ ಒತ್ತುವುದೂ ಇಂಥದೇ ತಪ್ಪು. ಊರಿನ ಹೆಸರು, ಜನರ ಹೆಸರು ಟೈಪ್ ಮಾಡುವ ಕೆಲಸದಲ್ಲಿರುವವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಹಾಗಾದರೆ ಕೆಟ್ಟಂತೆ ಕಾಣುವ ಕನ್ನಡವನ್ನು ಕಂಡಾಗ ಏನು ಮಾಡಬೇಕು? ಮೊದಲು ಅದು ಯಾವ ಬಗೆಯ ಕೆಡುಕು ಎಂದು ನೋಡಿ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಪಠ್ಯ ಕ್ಷೇಮವಾಗಿದೆ, ನಿಮ್ಮ ಯಂತ್ರದಲ್ಲಿ ಫಾಂಟ್ ಇಲ್ಲ ಅಷ್ಟೆ. ಚುಕ್ಕಿಗಳ ವೃತ್ತದ ಮೇಲೆ ಗುಡಿಸೋ ಕೊಂಬೋ ತೇಲುತ್ತಿದ್ದರೆ ವ್ಯಂಜನವಿಲ್ಲದೆ ಸ್ವರಚಿಹ್ನೆ ಬಿದ್ದಿದೆ, ತಿದ್ದಬಹುದು. ಪಿ, ಪೌಂಡ್, ಕ್ಯೂ ಕಂಡರೆ ಹಳೆಯ ಫಾಂಟಿನ ಕಡತ, ಪೂರ್ತಿ ಪರಿವರ್ತಿಸಬಹುದು. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಮಾತ್ರ ದುಃಖದ ಸಂಗತಿ. ಕನ್ನಡ ಅರಿಯದ ಯಾವುದೋ ತಂತ್ರಾಂಶ ಉಳಿಸುವಾಗ ಪ್ರತಿ ಅಕ್ಷರವನ್ನೂ ಎಸೆದು ಆ ಚಿಹ್ನೆ ಇಟ್ಟಿದೆ; ಆ ಪ್ರತಿಯಿಂದ ಏನೂ ವಾಪಸು ಬರುವುದಿಲ್ಲ.

ಪರಿವರ್ತಕಗಳು ನುಡಿಯಲ್ಲೂ ಬರಹದಲ್ಲೂ ಇವೆ. ಮೂಲ ಯಾವ ಫಾಂಟಿನದು ಎಂದು ತಿಳಿದಿರಬೇಕು, ಏಕೆಂದರೆ ಶ್ರೀಲಿಪಿಯಂಥ ತಂತ್ರಾಂಶಗಳದು ಬೇರೆಯೇ ಪಟ್ಟಿ. ಪರಿವರ್ತನೆಯಾದ ಮೇಲೆ ಕನ್ನಡ ಬಲ್ಲವರೊಬ್ಬರು ಓದಲೇಬೇಕು. ನಡುವೆ ಬಂದ ಇಂಗ್ಲಿಷ್ ಪದಗಳು ಕನ್ನಡದ ಚೂರುಗಳಾಗಿರುತ್ತವೆ, ಅರ್ಕಾವತ್ತು ಅಲ್ಲಿ ಇಲ್ಲಿ ತಪ್ಪಿರುತ್ತದೆ. ಪಿಡಿಎಫ್ ಇದೆಯಲ್ಲ ಎಂದು ನೆಮ್ಮದಿಯಾಗಿರಬೇಡಿ. ಪಿಡಿಎಫ್ ಮುಖ್ಯವಾಗಿ ಕಾಪಾಡುವುದು ಪುಟದ ನೋಟವನ್ನು. ಅದರಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿದರೆ ಒಳಗೆ ಕನ್ನಡ ಇದೆಯೋ ಇಲ್ಲವೋ ತಿಳಿಯುತ್ತದೆ.

ಮುದ್ರಣದವರು ಹಳೆಯ ಫಾಂಟಿಗೆ ಅಂಟಿಕೊಂಡದ್ದಕ್ಕೆ ಒಂದು ಕಾಲಕ್ಕೆ ಸರಿಯಾದ ಕಾರಣವಿತ್ತು. 2001ರಲ್ಲಿ 7.0 ಆವೃತ್ತಿಗೆ ಬಂದು ನಿಂತ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. ಆದರೆ ಇನ್‌ಡಿಸೈನ್ 2012ರಲ್ಲೇ ಭಾರತೀಯ ಲಿಪಿಗಳನ್ನು ಕಲಿತಿದೆ, ಉಚಿತವಾದ ಲಿಬ್ರೆಆಫೀಸ್ ಕೂಡ ಕನ್ನಡವನ್ನು ಚೆನ್ನಾಗಿ ಜೋಡಿಸುತ್ತದೆ. ಅಂದದ ಫಾಂಟುಗಳು ಸಾಲವು ಎಂಬ ದೂರು ಇನ್ನೂ ಸ್ವಲ್ಪ ನಿಜ. ಅದಕ್ಕೆ ಹೊಸ ಫಾಂಟುಗಳನ್ನು ಮಾಡಿಸಬೇಕು. ಹಳೆಯ ಪದ್ಧತಿಯಲ್ಲಿ ಇನ್ನೊಂದು ಪುಸ್ತಕ ಸೇರಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಲೇಖಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಪುಸ್ತಕ ಅಚ್ಚಿಗೆ ಹೋಗುವಾಗ ಅದರ ಯೂನಿಕೋಡ್ ಪ್ರತಿಯನ್ನು ಪ್ರಕಾಶಕರಿಂದ ಕೇಳಿ ಪಡೆಯಿರಿ. ಹಳೆಯ ಸಿ.ಡಿ.ಗಳು, ಪೆನ್‌ಡ್ರೈವ್‌ಗಳು ಬೀರುವಿನಲ್ಲಿದ್ದರೆ ಅವು ಓದಲು ಬರುವಷ್ಟು ದಿನದೊಳಗೇ ಕಡತಗಳನ್ನು ಹೊರತೆಗೆದು, ಫಾಂಟಿನ ಹೆಸರನ್ನು ಜೊತೆಗೆ ಬರೆದಿಟ್ಟು, ಪರಿವರ್ತಿಸಿ, ಎರಡು ಬೇರೆಬೇರೆ ಕಡೆ ಇಡಿ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.