ವಾಯುಮಾರ್ಗ: ದೂರವೆಷ್ಟು, ವೇಳೆಯೆಷ್ಟು?

ಪಯಣ ಹೊರಟವನು ಮೊದಲು ಕೇಳುವ ಪ್ರಶ್ನೆಗಳು ಎರಡು: ದಾರಿ ಎಷ್ಟು ದೂರ, ತಲುಪಲು ಎಷ್ಟು ಹೊತ್ತು? ನೆಲದ ಮೇಲೆ ಮೈಲಿಗಲ್ಲುಗಳೇ ಇದಕ್ಕೆ ಉತ್ತರ ಹೇಳುತ್ತವೆ. ಆಕಾಶದಲ್ಲಿ ಮೈಲಿಗಲ್ಲುಗಳಿಲ್ಲ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿ ಅವರ ಬರವನ್ನು ಎದುರುನೋಡುವ ತಂದೆತಾಯಿಗಳಿಗೆ ಈ ಲೆಕ್ಕ ಬರಿಯ ಕುತೂಹಲದ ವಿಷಯವಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರು ನಗರಗಳನ್ನೇ ತೆಗೆದುಕೊಳ್ಳೋಣ. ಗೋಡೆಯ ಭೂಪಟದಲ್ಲಿ ಇವುಗಳ ನಡುವೆ ಮಹಾಸಾಗರವೇ ದಾರಿಯೆಂದು ತೋರುತ್ತದೆ. ಆದರೆ ತರಗತಿಯ ಭೂಗೋಳದ ಮೇಲೆ ಎರಡೂ ಊರುಗಳಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ, ಅದು ಅಲಾಸ್ಕ, ಪೂರ್ವ ಸೈಬೀರಿಯ, ಚೀನಾಗಳ ಮೇಲೆ ಹಾದು ಹಿಮಾಲಯವನ್ನು ದಾಟಿ ಬರುತ್ತದೆ. ಇದೇ ಅತ್ಯಂತ ಹ್ರಸ್ವವಾದ ಮಾರ್ಗ. ಸುಮಾರು 14,000 ಕಿಲೋಮೀಟರ್. ಉತ್ತರ ಧ್ರುವದ ಮೂಲಕವೇ ಬಂದರೆ ಎಷ್ಟಾದೀತು? ಸ್ಯಾನ್ ಫ್ರಾನ್ಸಿಸ್ಕೊ ಧ್ರುವದಿಂದ ಸುಮಾರು 52 ಡಿಗ್ರಿ, ಬೆಂಗಳೂರು 77 ಡಿಗ್ರಿ ದೂರದಲ್ಲಿವೆ. ಡಿಗ್ರಿಯೊಂದಕ್ಕೆ 111 ಕಿಲೋಮೀಟರ್‌ನಂತೆ ಒಟ್ಟು ಸುಮಾರು 14,300 ಆಗುತ್ತದೆ. ಹೆಚ್ಚಾದದ್ದು ಅತ್ಯಲ್ಪ.

ದೂರ ತಿಳಿದ ಮಾತ್ರಕ್ಕೆ ವೇಳೆ ತಿಳಿಯದು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನಕ್ಕೆ 14,000 ಕಿಲೋಮೀಟರ್ ಕ್ರಮಿಸಲು ಹದಿನೈದೂವರೆ ಗಂಟೆ ಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ಅದು ಹದಿನೇಳೂವರೆಯಾಗುತ್ತದೆ. ಹಿಂದಿನಿಂದ ಬೀಸಿದರೆ ಹದಿನಾಲ್ಕಕ್ಕೆ ಇಳಿಯುತ್ತದೆ. ಹತ್ತು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ವಾಯುಪ್ರವಾಹಗಳು ಹರಿಯುತ್ತಿರುತ್ತವೆ. 2016ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ, ಅಟ್ಲಾಂಟಿಕ್ ಮಾರ್ಗವನ್ನು ಬಿಟ್ಟು ಅದಕ್ಕಿಂತ ದೀರ್ಘವಾದ ಪೆಸಿಫಿಕ್ ಮಾರ್ಗವನ್ನು ಹಿಡಿಯಿತು. ದಾರಿ ಹೆಚ್ಚಿತು, ಗಾಳಿ ಬೆನ್ನಿಗಿದ್ದುದರಿಂದ ವೇಳೆ ಉಳಿಯಿತು.

ಇಂಧನದ ಪ್ರಮಾಣ ಈ ಲೆಕ್ಕವನ್ನೇ ಅವಲಂಬಿಸಿದೆ. ಧ್ರುವಪ್ರದೇಶದಲ್ಲಿ ಇಳಿಯಲು ತಕ್ಕ ನಿಲ್ದಾಣಗಳು ವಿರಳ. ಅಲ್ಲಿಯ ಶೀತಕ್ಕೆ ಇಂಧನವೇ ಹೆಪ್ಪುಗಟ್ಟದಂತೆ ಅದರ ಉಷ್ಣತೆಯನ್ನೂ ಗಮನಿಸುತ್ತಿರಬೇಕು. ರಾಷ್ಟ್ರಗಳ ಕಲಹವೂ ದಾರಿಯನ್ನು ಉದ್ದ ಮಾಡಬಲ್ಲದು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಅನೇಕ ವಿಮಾನಗಳು ಬಳಸುದಾರಿಯನ್ನು ಹಿಡಿಯಬೇಕಾಯಿತು.

2021ರ ಜನವರಿ 9ರ ರಾತ್ರಿ ಎಂಟೂವರೆಯ ಸುಮಾರಿಗೆ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಚಾಲಕಿಯರೇ ನಡೆಸಿದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ಉತ್ತರ ಧ್ರುವವನ್ನು ಹಾದು 11ರ ಬೆಳಗಿನ ಜಾವ ಮೂರರ ಸುಮಾರಿಗೆ ಅದು ಬೆಂಗಳೂರಿನಲ್ಲಿ ಇಳಿಯಿತು. ಗಡಿಯಾರಗಳನ್ನಷ್ಟೇ ನಂಬಿದರೆ ಮೂವತ್ತು ಗಂಟೆಗೂ ಮೀರಿದ ಪಯಣ; ಎರಡೂ ಊರುಗಳ ನಡುವಣ ಹದಿಮೂರೂವರೆ ಗಂಟೆಗಳ ಅಂತರವನ್ನು ಕಳೆದರೆ ಉಳಿಯುವುದು ಹದಿನೇಳು.

ನಿಲ್ದಾಣದ ಹೊರಗೆ ಕಾಯುವವರಿಗೆ ಒಂದರ್ಧ ಗಂಟೆಯ ವಿಳಂಬವೂ ದೀರ್ಘವೆನಿಸುವುದು ಸಹಜ. ಆದರೆ ಗಾಳಿಯನ್ನೂ ಗಡಿಗಳನ್ನೂ ತೂಗಿನೋಡಿ, ಅಗತ್ಯಕ್ಕಿಂತ ತುಸು ಹೆಚ್ಚಿನ ಇಂಧನವನ್ನು ಹೊತ್ತು, ಬಳಸುದಾರಿಯಲ್ಲಾದರೂ ಎಲ್ಲರನ್ನೂ ಕ್ಷೇಮವಾಗಿ ತಲುಪಿಸುವುದೇ ಆ ಲೆಕ್ಕದ ಉದ್ದೇಶವೆಂದು ಅರಿತರೆ, ಕಾಯುವ ಮನಸ್ಸಿಗೆ ಅಷ್ಟು ಸಮಾಧಾನ ದೊರೆತೀತು.