ಬೆಟ್ಟದ ದಾರಿಯಲ್ಲಿ ಯಳಂದೂರು

ಬೆಂಗಳೂರಿನ ಸಂಸಾರವೊಂದು ಕೊಳ್ಳೇಗಾಲದ ಕಡೆಗೆ ಪ್ರವಾಸ ಹೊರಟಿತೆಂದರೆ ಅದರ ಕಾರ್ಯಕ್ರಮ ಬಹುಮಟ್ಟಿಗೆ ಹೀಗಿರುತ್ತದೆ: ಭಾನುವಾರ ಮುಂಜಾನೆ ಐದಕ್ಕೆ ಮನೆ ಬಿಡುವುದು, ಭರಚುಕ್ಕಿಯಲ್ಲಿ ತಿಂಡಿ, ಬಿಳಿಗಿರಿರಂಗನ ದರ್ಶನ, ಮಾದಪ್ಪನ ದರ್ಶನ, ನಡುವೆ ಬಿಡುವಾದರೆ ಕೊಳ್ಳೇಗಾಲದಲ್ಲೊಂದು ಸೀರೆ, ರಾತ್ರಿ ಹತ್ತಕ್ಕೆ ಮರಳಿ ಮನೆ. ಪಟ್ಟಿ ಬರೆದ ಯಜಮಾನರಿಗೆ ಭೂಪಟದಲ್ಲಿ ಎಲ್ಲವೂ ಒಂದು ಬೆರಳಗಲದಲ್ಲಿ ಕಂಡಿರುತ್ತದೆ. ಎರಡು ಬೆಟ್ಟಗಳ ನಡುವೆ ರಸ್ತೆಯಲ್ಲಿ ಸುಮಾರು 120 ಕಿಲೋಮೀಟರ್ ದೂರವಿದೆಯೆಂಬುದೂ, ಅದರ ಎರಡು ತುದಿಗಳೂ ಬರಿಯ ತಿರುವುಗಳೆಂಬುದೂ ಹಿಂದಿನ ಆಸನದ ಅಜ್ಜಿಗೆ ತಲೆಸುತ್ತು ಬಂದಾಗಲೇ ತಿಳಿಯುವುದು.

ಈ ಅವಸರದಲ್ಲಿ ತಪ್ಪಿಹೋಗುವ ಊರು ಯಳಂದೂರು. ಬಿಳಿಗಿರಿಯ ಬೆಟ್ಟಕ್ಕೆ ತಿರುಗುವ ದಾರಿ ಅಲ್ಲಿಯೇ ಇದೆ. ಆದುದರಿಂದಲೇ ಅಲ್ಲಿ ಯಾರೂ ಇಳಿಯುವುದಿಲ್ಲ. ಹಳೆಯ ಊರನ್ನು ನೋಡಬೇಕೆಂಬ ಆಸೆಯುಳ್ಳವರು ಮೊದಲು ಮಾಡತಕ್ಕ ಕೆಲಸವೆಂದರೆ ಒಂದು ದಿನದ ಪ್ರವಾಸವನ್ನು ಮೂರು ದಿನಕ್ಕೆ ಹಿಗ್ಗಿಸುವುದು. ಎರಡೇ ದಿನ ದೊರೆತರೆ ಎರಡು ಬೆಟ್ಟಗಳಲ್ಲೊಂದನ್ನು ಮುಂದಿನ ವರ್ಷಕ್ಕೆ ಬಿಡುವುದು.

ಕೊಳ್ಳೇಗಾಲಕ್ಕೆ ರೈಲಿಲ್ಲ. ಮೈಸೂರಿನಿಂದ ತಿರುಮಕೂಡಲು ನರಸೀಪುರದ ಮಾರ್ಗವಾಗಿ ಸುಮಾರು ಅರವತ್ತು ಕಿಲೋಮೀಟರ್. ಬೆಂಗಳೂರಿನವರಿಗೆ ಕನಕಪುರ, ಮಳವಳ್ಳಿಗಳ ದಾರಿ. ಎರಡು ಕಡೆಯಿಂದಲೂ ಸರ್ಕಾರಿ ಬಸ್ಸುಗಳುಂಟು. ಬೆಂಗಳೂರಿನ ದಾರಿಯವರು ಮಳವಳ್ಳಿ ಕಳೆದು ಸತ್ತೇಗಾಲದ ಬಳಿ ಕಾವೇರಿಯನ್ನು ದಾಟುವಾಗ ಮಕ್ಕಳಿಗೆ ಒಂದು ಮಾತು ಹೇಳಬಹುದು: 1956ರ ನವೆಂಬರ್ 1ರವರೆಗೆ ಆ ದಡ ಮೈಸೂರು, ಈ ದಡ ಮದರಾಸು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕೊಳ್ಳೇಗಾಲವು ಇಂಗ್ಲಿಷರ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹದಿನೈದು ಕಿಲೋಮೀಟರ್ ಆಚೆಯ ಯಳಂದೂರು ಮಾತ್ರ ಮೈಸೂರಿನಲ್ಲಿಯೇ ಉಳಿಯಿತು. 1807ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಒಂದೇ ನುಡಿ, ಒಂದೇ ರಾಗಿಮುದ್ದೆ, ಒಂದೇ ಮಾದಪ್ಪನ ಒಕ್ಕಲು. ಆದರೂ ಒಂದೂವರೆ ಶತಮಾನ ಕಾಲ ಈ ಎರಡು ಊರುಗಳ ಕಂದಾಯ ಎರಡು ಬೊಕ್ಕಸಗಳಿಗೆ ಹೋಯಿತು. ಇಂದು ಎರಡೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು.

ವಸತಿಗೆ ಕೊಳ್ಳೇಗಾಲವೇ ಅನುಕೂಲ. ಅಲ್ಲಿ ತಂಗಿ, ಮರುದಿನ ಎಳೆಬಿಸಿಲಿರುವಾಗಲೇ ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ ನಿಲ್ಲಬೇಕು. ಹದಿನಾಡಿನ ಪಾಳೆಯಗಾರ ಸಿಂಗದೇಪ ಕಟ್ಟಿಸಿದ ಗುಡಿಯಿದು. ಆದರೆ ಕಣ್ಣನ್ನು ಹಿಡಿದು ನಿಲ್ಲಿಸುವುದು ಗುಡಿಗಿಂತ ಅದರ ಮಹಾದ್ವಾರ. 1654ರ ಸುಮಾರಿಗೆ ಅದೇ ವಂಶದ ಮುದ್ದರಾಜ ನಿರ್ಮಿಸಿದ ಈ ದ್ವಾರಕ್ಕೆ ಊರವರು ಬಳೆ ಮಂಟಪವೆಂದು ಹೆಸರಿಟ್ಟಿದ್ದಾರೆ. ಮೂಲೆಗಳಲ್ಲಿ ಒಂದರೊಳಗೊಂದು ಕೋದುಕೊಂಡ ಕಲ್ಲಿನ ಬಳೆಗಳು ಸರಪಣಿಯಾಗಿ ಇಳಿದಿವೆ. ಬೆಸುಗೆಯಿಲ್ಲ, ಅಂಟಿಲ್ಲ, ಕಲ್ಲನ್ನೇ ಕೊರೆದು ಬಿಡಿಸಿದ್ದು. ಉಳಿಯ ಒಂದು ಏಟು ಹೆಚ್ಚಾಗಿದ್ದರೆ ತಿಂಗಳುಗಳ ದುಡಿಮೆ ನೆಲಕ್ಕೆ ಬೀಳುತ್ತಿತ್ತು. ಗೋಡೆಯ ಶಿಲ್ಪಗಳನ್ನು ಸಾವಧಾನವಾಗಿ ನೋಡುವವರಿಗೆ ಒಂದು ಗಂಟೆ ಸಾಲದು. ಮಕ್ಕಳು ಬಳೆಗಳನ್ನು ಜಗ್ಗದಂತೆ ಕೈ ಹಿಡಿದುಕೊಳ್ಳುವುದು ತಾಯ್ತಂದೆಯರ ಹೊಣೆ.

ಮಗಳನ್ನು ಕರೆದುಕೊಂಡು ಹೋದವರು ಇನ್ನೊಂದು ಸಂಗತಿಯನ್ನು ಆ ನೆರಳಿನಲ್ಲಿ ಕುಳಿತು ಹೇಳಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ ಈ ಊರಿನ ಹೆಣ್ಣುಮಗಳು. ಊಳಿಗದ ನಡುವೆಯೇ ಅಕ್ಷರ ಕಲಿತು, ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಪತಿವ್ರತೆಯ ನಡತೆಯನ್ನು ಬೋಧಿಸುವ ಆ ಕೃತಿಯ ಒಳಗೇ, ಹೆಣ್ಣು ಮಗುವನ್ನು ಕೀಳಾಗಿ ಕಾಣುವವರನ್ನು ಆಕೆ ತರಾಟೆಗೆ ತೆಗೆದುಕೊಂಡಿದ್ದಾಳೆ. ಅದೇ ಶತಮಾನದಲ್ಲಿ ‘ರಾಜಶೇಖರವಿಳಾಸ’ದ ಕವಿ ಷಡಕ್ಷರದೇವನೂ ಇಲ್ಲಿನ ಮಠದಲ್ಲಿದ್ದನು. ಅರಮನೆಯ ಸೇವಕಿಯೊಬ್ಬಳು, ಮಠದ ಅಧಿಪತಿಯೊಬ್ಬನು: ಇಷ್ಟು ಸಣ್ಣ ಊರಿಗೆ ಇದು ಸಣ್ಣ ಭಾಗ್ಯವಲ್ಲ. ಕನ್ನಡ ಪಠ್ಯದಲ್ಲಿ ಇವರ ಹೆಸರನ್ನು ಬಾಯಿಪಾಠ ಮಾಡಿದ ಎಷ್ಟೋ ಮಂದಿ ಯಳಂದೂರಿನ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಕಡಲೆಕಾಯಿ ಕೊಂಡು ಮುಂದೆ ಸಾಗಿರುತ್ತಾರೆ.

ಅಲ್ಲಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಇಪ್ಪತ್ತನಾಲ್ಕು ಕಿಲೋಮೀಟರ್. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಗುಂಬಳ್ಳಿಯ ತನಿಖಾ ಠಾಣೆಯಲ್ಲಿ ಸಂಜೆಯಾದ ಮೇಲೆ ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಹೋಗಿ ಬೆಳಕಿರುವಾಗ ಇಳಿಯತಕ್ಕದ್ದು. ದಾರಿಯಲ್ಲಿ ವಾಹನ ನಿಲ್ಲಿಸಿ ಬುತ್ತಿ ಬಿಚ್ಚಬಾರದು. ಕೋತಿಗೆ ಬಾಳೆಹಣ್ಣು ಕೊಡುವುದು ಪುಣ್ಯವಲ್ಲ, ಮುಂದಿನ ಯಾತ್ರಿಕನ ಕೈಚೀಲಕ್ಕೆ ಅಪಾಯ. ಬೆಟ್ಟದ ಮೇಲೆ ರಂಗನಾಥನಿಗೆ ಅರ್ಪಿಸುವ ಭಾರಿ ಚರ್ಮದ ಪಾದುಕೆಗಳನ್ನು ನೋಡದೆ ಬರಬಾರದು. ಸ್ವಾಮಿಯು ರಾತ್ರಿ ಕಾಡು ಸುತ್ತಿ ಅವನ್ನು ಸವೆಸುತ್ತಾನೆಂದು ನಂಬಿಕೆ. ಸೋಲಿಗರ ಕುಸುಮಾಲೆಯನ್ನು ಅವನು ವರಿಸಿದನಂತೆ. ಆದ ಕಾರಣ ಸೋಲಿಗರಿಗೆ ಅವನು ದೇವರಿಗಿಂತ ಮೊದಲು ಬಾವ.

ಮಧ್ಯಾಹ್ನ ಕೊಳ್ಳೇಗಾಲಕ್ಕೆ ಮರಳಿದರೆ ರೇಷ್ಮೆಯ ಸಮಯ. ಹಳೆಯ ಮದರಾಸು ಪ್ರಾಂತದಲ್ಲಿ ಹಿಪ್ಪುನೇರಳೆಗೆ ಹೆಸರಾದ ತಾಲ್ಲೂಕಿದು. ದೇವಾಂಗರ ಕೈಮಗ್ಗಗಳಿಂದ ಈ ಊರಿಗೆ ಸೀರೆಯ ಕೀರ್ತಿ ಬಂದಿತು. ಕೊಳ್ಳುವವರು ಸಿಲ್ಕ್ ಮಾರ್ಕಿನ ಚೀಟಿಯನ್ನು ನೋಡಬೇಕು, ಜರಿ ಅಸಲಿಯೋ ಅಲ್ಲವೋ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಸಂದೇಹವಿದ್ದರೆ ಸೆರಗಿನ ತುದಿಯ ಒಂದೆಳೆಯನ್ನು ಕೇಳಿ ಪಡೆದು ಸುಟ್ಟು ನೋಡಬಹುದು. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಈ ಊರಿಗೆ ಅಂಟಿದ ಇನ್ನೊಂದು ಕೀರ್ತಿ ಮಾಟಮಂತ್ರದ್ದು. ಕಷ್ಟದಲ್ಲಿರುವವರು ಆ ಹೆಸರನ್ನು ಕೇಳಿಯೇ ದೂರದಿಂದ ಬರುವುದುಂಟು. ಮಗುವಿನ ಕಾಯಿಲೆಗೆಂದು ಕೂಡಿಟ್ಟ ಹಣವನ್ನು ತಾಯಿತಕ್ಕೆ ಸುರಿಯುವುದಕ್ಕಿಂತ ಮೈಸೂರಿನ ಬಸ್ ಹತ್ತಿ ವೈದ್ಯರ ಬಳಿ ಹೋಗುವುದು ಲೇಸು.

ಮೂರನೆಯ ದಿನ ಹನೂರಿನ ಮಾರ್ಗ. ಪಟ್ಟಣದಲ್ಲಿ ನೋಡತಕ್ಕದ್ದು ಹೆಚ್ಚಿಲ್ಲ. ಆದರೆ ಪೆಟ್ರೋಲು, ಊಟ, ಔಷಧಿ ಮೊದಲಾದವನ್ನೆಲ್ಲ ಅಲ್ಲಿಯೇ ಪೂರೈಸಿಕೊಳ್ಳುವುದು ಜಾಣತನ. ಇಲ್ಲಿಂದ ಮುಂದಿನ ಕಾಡುಗಳಲ್ಲಿ ವೀರಪ್ಪನ್ನನ ಭಯ 2004ರವರೆಗೆ ಜನರನ್ನು ಕಾಡಿತ್ತು. ಅವನ ಊರಾದ ಗೋಪಿನಾಥಂ ಇದೇ ಸೀಮೆಯದು. 1991ರ ನವೆಂಬರಿನಲ್ಲಿ ಅವನ ಮೋಸಕ್ಕೆ ಬಲಿಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನವರಿಗೆ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟಿದ್ದರು. ಇಂದು ಭಯ ಮನುಷ್ಯರದಲ್ಲ, ಆನೆಗಳದು.

ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ ಮಾದಪ್ಪನ ಮಲೆಯ ಬುಡ. ಹರಕೆ ಹೊತ್ತವರು ಅಲ್ಲಿಂದ ಕಾಲ್ನಡಿಗೆಯಲ್ಲಿ ಏರುತ್ತಾರೆ. ವಯಸ್ಸಾದವರಿಗೆ ಬಸ್ಸೇ ಸರಿ, ಮುಂಚಿನ ಊಟ ಲಘುವಾಗಿರಲಿ. ಶಿವರಾತ್ರಿ, ಯುಗಾದಿ, ದೀಪಾವಳಿ ಹಾಗೂ ಅಮಾವಾಸ್ಯೆಗಳಲ್ಲಿ ಜನಸಾಗರ. ದರ್ಶನವಷ್ಟೇ ಬೇಕಾದವರು ಬೇರೆ ದಿನವನ್ನು ಆರಿಸಿಕೊಳ್ಳಲಿ. ದೀಪಾವಳಿಯಲ್ಲಿ ಬೇಡಗಂಪಣ ಕುಲದ 101 ಬಾಲೆಯರು ಹಾಲರವಿಯನ್ನು ಹೊತ್ತು ಬರುವ ನೋಟ ಬೇಕಾದವರು ನೂಕುನುಗ್ಗಲನ್ನು ಸಹಿಸಲೇಬೇಕು. ಪ್ರಾಧಿಕಾರದ ವಸತಿಗೃಹಗಳನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡು ರಾತ್ರಿ ಉಳಿದರೆ, ಜಗಲಿಯಲ್ಲಿ ಕುಳಿತ ದೇವರಗುಡ್ಡರು ಕಂಸಾಳೆ ಹಿಡಿದು ಕಥೆ ತೆಗೆಯುವುದನ್ನು ಕೇಳುವ ಯೋಗವೂ ಒದಗಬಹುದು. ಆ ಕಥೆ ಒಂದು ರಾತ್ರಿಗೆ ಮುಗಿಯತಕ್ಕದ್ದಲ್ಲ. ಅಜ್ಜಿಗೆ ಹೊದ್ದುಕೊಳ್ಳಲು ಒಂದು ದಪ್ಪ ಶಾಲು ಇರಲಿ. ಕಥೆ ಅರ್ಧವಾಗುವ ಮೊದಲೇ ಅವರು ಏಳಲು ಒಪ್ಪುವುದಿಲ್ಲ.